ಓದುಗರ ಪ್ರಶ್ನೆ: ಕ್ರೀಡಾಂಗಣದ ಬೀಗದ ಕೈ ಯಾರ ಬಳಿ ಇದೆ?

ಅಮೆರಿಕ ಮತ್ತು ಕೆನಡಾ ದೇಶಗಳ ತಂಡಗಳು ಆಡುವ ಮೇಜರ್ ಲೀಗ್ ಸಾಕರ್‌ಗೆ (ನಾವು ಫುಟ್‌ಬಾಲ್ ಎನ್ನುವ ಆಟವನ್ನೇ ಅಲ್ಲಿ ಸಾಕರ್ ಎನ್ನುತ್ತಾರೆ) 2025ರಲ್ಲಿ ಸ್ಯಾನ್ ಡಿಯಾಗೊ ನಗರದ ತಂಡವು 30ನೆಯದಾಗಿ ಸೇರಿತು. ಈ ಸೇರ್ಪಡೆಗಾಗಿ ಅದರ ಮಾಲೀಕರು 50 ಕೋಟಿ ಡಾಲರ್ ಶುಲ್ಕ ಕೊಟ್ಟರೆಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿದ ಹಲವರು ಹಣದ ವಿಚಾರವನ್ನು ಬದಿಗಿಟ್ಟು, ಹೊಸ ತಂಡಗಳ ಕ್ರೀಡಾಂಗಣ ಹೇಗಿರಬೇಕೆಂದು ಲೀಗ್ ಬಯಸುತ್ತದೆ ಎಂಬುದನ್ನೇ ಕೇಳಿದ್ದಾರೆ. ಒಂದೇ ಅರ್ಥದ ಪತ್ರಗಳನ್ನು ಕೂಡಿಸಿ, ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮೇಜರ್ ಲೀಗ್ ಸಾಕರ್ ಸೇರುವ ತಂಡದ ಕ್ರೀಡಾಂಗಣದಲ್ಲಿ ಇಂತಿಷ್ಟು ಆಸನಗಳಿರಬೇಕು ಎಂಬ ಲಿಖಿತ ನಿಯಮವಿದೆಯೇ? ಅದನ್ನು ರೂಪಿಸುವವರು ಯಾರು?
— ಓದುಗರು, ದಾವಣಗೆರೆ

ಉತ್ತರ: ಇದೆ. ಆದರೆ ಅದನ್ನು ರೂಪಿಸಿದ್ದು ಲೀಗ್ ಅಲ್ಲ. ಅಮೆರಿಕದಲ್ಲಿ ಈ ಆಟದ ಆಡಳಿತ ನೋಡಿಕೊಳ್ಳುವ ಯುಎಸ್ ಸಾಕರ್ ಫೆಡರೇಷನ್. ಯಾವ ಲೀಗನ್ನು ಒಂದನೆಯ ದರ್ಜೆಯದೆಂದು, ಯಾವುದನ್ನು ಎರಡನೆಯ ಅಥವಾ ಮೂರನೆಯ ದರ್ಜೆಯದೆಂದು ಮಾನ್ಯ ಮಾಡಬೇಕೆಂದು ನಿರ್ಧರಿಸುವುದು ಈ ಸಂಸ್ಥೆ. ಅದಕ್ಕಾಗಿ ಅದು ವೃತ್ತಿಪರ ಲೀಗ್‌ಗಳಿಗೆ ಮಾನದಂಡಗಳನ್ನು ಬರೆದಿಟ್ಟಿದೆ. ಅದರಂತೆ ಪುರುಷರ ಒಂದನೆಯ ದರ್ಜೆಯ ಲೀಗ್‌ನಲ್ಲಿ ಪ್ರತಿ ತಂಡದ ಕ್ರೀಡಾಂಗಣದಲ್ಲಿ ಕನಿಷ್ಠ 15,000 ಆಸನಗಳಿರಬೇಕು, ಎರಡನೆಯ ದರ್ಜೆಯಲ್ಲಿ 5,000, ಮೂರನೆಯದರಲ್ಲಿ 1,000. ಅಂಕಣವು ಕನಿಷ್ಠ 110 ಗಜ ಉದ್ದ, 70 ಗಜ ಅಗಲ ಇರಬೇಕು. ಲೀಗ್‌ನ ಮುಕ್ಕಾಲು ಭಾಗದಷ್ಟು ತಂಡಗಳಾದರೂ 10 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ ಪ್ರದೇಶಗಳಲ್ಲಿ ಇರಬೇಕು ಎಂಬುದೂ, ತಂಡದ ಪ್ರಧಾನ ಮಾಲೀಕರ ಆಸ್ತಿಯ ನಿವ್ವಳ ಮೌಲ್ಯ ಕನಿಷ್ಠ 4 ಕೋಟಿ ಡಾಲರ್ ಇರಬೇಕು ಎಂಬುದೂ ಒಂದನೆಯ ದರ್ಜೆಯ ಷರತ್ತುಗಳೇ.

ಇಷ್ಟನ್ನು ಪೂರೈಸಿದ ಮಾತ್ರಕ್ಕೆ ತಂಡಕ್ಕೆ ಬಾಗಿಲು ತೆರೆಯುತ್ತದೆ ಎಂದು ಭಾವಿಸಬಾರದು. ಪಾಸಾಗಲು 35 ಅಂಕ ಸಾಕು, ಸೀಟು ಸಿಗಲು ಸಾಲದು ಎಂಬುದು ನಮ್ಮ ಮಕ್ಕಳಿಗೆಲ್ಲ ಗೊತ್ತು, ಇಲ್ಲಿಯೂ ಹಾಗೆಯೇ. ಫೆಡರೇಷನ್ನಿನ ಸಂಖ್ಯೆಗಳು ಪಾಸಾಗುವ ಅಂಕಗಳು. ಸೀಟು ಕೊಡುವ ಲೀಗ್ ಬೇರೆಯದೇ ಪ್ರಶ್ನೆಗಳನ್ನು ಕೇಳುತ್ತದೆ. ಕ್ರೀಡಾಂಗಣ ಯಾರ ಹತೋಟಿಯಲ್ಲಿದೆ? ಪಂದ್ಯದ ದಿನಾಂಕವನ್ನು ನಿಗದಿ ಮಾಡುವವರು ಯಾರು? ವಾಹನ ನಿಲುಗಡೆ, ತಿಂಡಿ ತೀರ್ಥ, ಜಾಹೀರಾತು ಫಲಕ, ಕ್ರೀಡಾಂಗಣಕ್ಕೆ ಇಡುವ ಹೆಸರು, ಇವುಗಳಿಂದ ಬರುವ ಹಣ ಯಾರ ಪೆಟ್ಟಿಗೆಗೆ ಬೀಳುತ್ತದೆ? ನನ್ನ ತಿಳಿವಳಿಕೆಯ ಮಟ್ಟಿಗೆ, ಲೀಗ್‌ನ ಸುಮಾರು ಮೂವತ್ತು ವರ್ಷಗಳ ಚರಿತ್ರೆಯಲ್ಲಿ ಆಸನಗಳ ಸಂಖ್ಯೆಗಿಂತ ಬೀಗದ ಕೈ ಯಾರ ಬಳಿ ಇದೆ ಎಂಬುದೇ ಹೆಚ್ಚು ಸಲ ತಂಡಗಳ ಹಣೆಬರಹ ಬರೆದಿದೆ.

ಪ್ರಶ್ನೆ: ಅಮೆರಿಕದಲ್ಲಿ ಎಪ್ಪತ್ತು, ಎಂಬತ್ತು ಸಾವಿರ ಜನ ಕೂರಬಲ್ಲ ಕ್ರೀಡಾಂಗಣಗಳು ಊರೂರಿಗೂ ಇವೆ. ಹಾಗಿದ್ದರೂ 20,000 ಆಸನಗಳ ಹೊಸ ಕ್ರೀಡಾಂಗಣವನ್ನು ಕೋಟಿಗಟ್ಟಲೆ ಸುರಿದು ಕಟ್ಟುವುದು ದುಂದುಗಾರಿಕೆಯಲ್ಲವೇ?
— ಓದುಗರು, ಮೈಸೂರು

ಉತ್ತರ: ಲೀಗ್‌ನ ಸ್ಥಾಪಕರಿಗೂ ಮೊದಲಿಗೆ ಹೀಗೆಯೇ ಅನ್ನಿಸಿತ್ತು. 1994ರ ವಿಶ್ವಕಪ್ಪನ್ನು ಅಮೆರಿಕಕ್ಕೆ ಕೊಡುವಾಗ ದೇಶದಲ್ಲಿ ಒಂದು ವೃತ್ತಿಪರ ಲೀಗನ್ನು ಆರಂಭಿಸಬೇಕೆಂಬ ಮಾತನ್ನು ಫಿಫಾ ಪಡೆದುಕೊಂಡಿತ್ತು. ಅದರ ಫಲವಾಗಿ 1996ರ ಏಪ್ರಿಲ್ 6ರಂದು ಹತ್ತು ತಂಡಗಳ ಲೀಗ್ ಆರಂಭವಾಯಿತು. ಆಗ ಯಾವ ತಂಡಕ್ಕೂ ಸಾಕರ್‌ಗೆಂದೇ ಕಟ್ಟಿದ ಸ್ವಂತ ಕ್ರೀಡಾಂಗಣವಿರಲಿಲ್ಲ. ಲಾಸ್ ಏಂಜಲೀಸ್ ತಂಡ ರೋಸ್ ಬೌಲ್‌ನಲ್ಲಿ, ನ್ಯೂಯಾರ್ಕ್ ಪ್ರದೇಶದ ತಂಡ ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂನಲ್ಲಿ, ಕೊಲಂಬಸ್ ತಂಡ ವಿಶ್ವವಿದ್ಯಾಲಯವೊಂದರ ಬೃಹತ್ ಕ್ರೀಡಾಂಗಣದಲ್ಲಿ ಆಡಿದವು. ಮೊದಲ ವರ್ಷ ಪಂದ್ಯವೊಂದಕ್ಕೆ ಸರಾಸರಿ 17,406 ಜನ ಬಂದರು. ಹೊಸ ಲೀಗ್‌ಗೆ ಇದು ತೀರ ಕಡಿಮೆ ಸಂಖ್ಯೆಯಲ್ಲ. ಆದರೆ 17,000 ಜನರನ್ನು 90,000 ಆಸನಗಳ ನಡುವೆ ಕೂರಿಸಿದರೆ ಜಾತ್ರೆ ಮುಗಿದ ಮರುದಿನದ ತೇರುಬೀದಿಯಂತೆ ಕಾಣುತ್ತದೆ. ಟೀವಿಯಲ್ಲಿ ನೋಡುವವರಿಗಂತೂ ಯಾರೂ ಬಂದಿಲ್ಲವೆಂದೇ ತೋರುತ್ತದೆ. ಮರುವರ್ಷ ಸರಾಸರಿ 15,000ಕ್ಕಿಂತ ಕೆಳಗಿಳಿಯಿತು.

ಖಾಲಿ ಆಸನಗಳಿಗಿಂತ ದೊಡ್ಡ ತೊಡಕು ಅಂಕಣದ ಅಗಲದ್ದು. ಆ ದೊಡ್ಡ ಕ್ರೀಡಾಂಗಣಗಳನ್ನು ಕಟ್ಟಿದ್ದು ಹೆಚ್ಚಾಗಿ ಅಮೆರಿಕನ್ ಫುಟ್‌ಬಾಲ್‌ಗೆ, ಅದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಅದರ ಅಂಕಣ ಎರಡು ತುದಿಗಳನ್ನೂ ಸೇರಿಸಿದರೆ 120 ಗಜ ಉದ್ದವಿರುತ್ತದೆ, ಆದ್ದರಿಂದ ಉದ್ದಕ್ಕೆ ಕೊರತೆಯಿಲ್ಲ. ಅಗಲ ಮಾತ್ರ 160 ಅಡಿ, ಅಂದರೆ ಸುಮಾರು 49 ಮೀಟರ್. ಸಾಕರ್‌ಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ರೂಢಿಯಲ್ಲಿರುವ ಅಗಲ 68 ಮೀಟರ್. ಆ ಆಟಕ್ಕೆಂದು ಕಟ್ಟಿದ ಕ್ರೀಡಾಂಗಣಗಳಲ್ಲಿ ಆಸನಗಳ ಸಾಲು ಅಂಕಣದ ಅಂಚಿಗೆ ಹತ್ತಿರದಲ್ಲಿಯೇ ಶುರುವಾಗುವುದರಿಂದ, ಅಲ್ಲಿ ಸಾಕರ್ ಆಡಬೇಕಾದರೆ ಒಂದೋ ಅಂಕಣವನ್ನು ಕಿರಿದು ಮಾಡಬೇಕು, ಇಲ್ಲವೇ ಮೂಲೆಗಳಲ್ಲಿನ ಆಸನಗಳನ್ನು ತೆಗೆಯಬೇಕು. ಮೈದಾನ ಕಿರಿದಾದರೆ ಅಂಚಿನಲ್ಲಿ ಓಡುವ ವೇಗದ ಆಟಗಾರನಿಗೆ ಜಾಗವೇ ಉಳಿಯುವುದಿಲ್ಲ. ಸಾಲದ್ದಕ್ಕೆ ಹಿಂದಿನ ದಿನ ನಡೆದ ಮತ್ತೊಂದು ಆಟದ ಬಿಳಿ ಗೆರೆಗಳು, ಅಂಕಿಗಳು ಹುಲ್ಲಿನ ಮೇಲೆ ಹಾಗೆಯೇ ಕಾಣುತ್ತಿರುತ್ತವೆ.

ಇನ್ನು ಬಾಡಿಗೆಯ ಮಾತು. ಬಾಡಿಗೆ ಮನೆಯಲ್ಲಿರುವವರಿಗೆ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಮಾಲೀಕರ ಅಪ್ಪಣೆ ಬೇಕಲ್ಲವೇ? ಈ ತಂಡಗಳ ಸ್ಥಿತಿಯೂ ಅದಕ್ಕಿಂತ ಬೇರೆಯಾಗಿರಲಿಲ್ಲ. ಒಳ್ಳೆಯ ದಿನಾಂಕಗಳೆಲ್ಲ ಮನೆಯ ಯಜಮಾನನಾದ ಅಮೆರಿಕನ್ ಫುಟ್‌ಬಾಲ್ ತಂಡದ ಪಾಲಾಗುತ್ತಿದ್ದವು, ವಾಹನ ನಿಲುಗಡೆ ಮತ್ತು ತಿಂಡಿ ಮಳಿಗೆಗಳ ಆದಾಯವೂ ಬಹುಮಟ್ಟಿಗೆ ಕ್ರೀಡಾಂಗಣದವರದೇ ಆಗುತ್ತಿತ್ತು. ಟಿಕೆಟ್ ಹಣವೊಂದರಿಂದಲೇ ತಂಡ ನಡೆಯುವುದಿಲ್ಲ.

ಈ ಲೆಕ್ಕವನ್ನು ಮೊದಲು ಅರಿತವರು ಕೊಲಂಬಸ್ ತಂಡದ ಮಾಲೀಕ ಲಾಮಾರ್ ಹಂಟ್. ಅಮೆರಿಕನ್ ಫುಟ್‌ಬಾಲ್‌ನಲ್ಲೇ ಹೆಸರು ಮಾಡಿದವರು ಅವರು. ಕ್ರೀಡಾಂಗಣಕ್ಕೆ ತೆರಿಗೆಯ ಹಣ ಒದಗಿಸುವ ಪ್ರಸ್ತಾವವನ್ನು 1997ರಲ್ಲಿ ಕೊಲಂಬಸ್ ಮತದಾರರು ತಿರಸ್ಕರಿಸಿದರು. ಮರುವರ್ಷ ನೆರೆಯ ಡಬ್ಲಿನ್ ಊರಿನವರೂ ಒಪ್ಪಲಿಲ್ಲ. ಆಗ ಹಂಟ್ ಒಹಾಯೊ ರಾಜ್ಯದ ವಸ್ತುಪ್ರದರ್ಶನ ಮೈದಾನದ ಜಾಗವನ್ನು ಗುತ್ತಿಗೆಗೆ ಪಡೆದು, ಸ್ವಂತ ಹಣದಲ್ಲಿ ಸುಮಾರು 2.85 ಕೋಟಿ ಡಾಲರ್ ವೆಚ್ಚ ಮಾಡಿ ಕ್ರೀಡಾಂಗಣ ಕಟ್ಟಿಸಿದರು. 1999ರ ಮೇ 15ರಂದು ಅದು ತೆರೆಯಿತು. ಅಲಂಕಾರವಿಲ್ಲ, ಚಾವಣಿಯಿಲ್ಲ, ನೋಡಲು ಉಕ್ಕಿನ ಅಟ್ಟಣಿಗೆಯಂತಿತ್ತು. ಆದರೆ ಮೇಜರ್ ಲೀಗ್ ಸಾಕರ್ ತಂಡಕ್ಕೆಂದೇ ಕಟ್ಟಿದ ಮೊದಲ ಕ್ರೀಡಾಂಗಣ ಅದು. ಮುಂದೆ 2003ರಲ್ಲಿ ಲಾಸ್ ಏಂಜಲೀಸ್ ಬಳಿಯ ಕಾರ್ಸನ್‌ನಲ್ಲಿ 27,000 ಆಸನಗಳ ಕ್ರೀಡಾಂಗಣ ಬಂದಿತು. ಆ ಬಳಿಕ ಸೇರಬಯಸುವವರ ಮುಂದೆ ಲೀಗ್ ಸ್ವಂತ ಕ್ರೀಡಾಂಗಣದ ಯೋಜನೆಯನ್ನು ಷರತ್ತಿನಂತೆಯೇ ಇಡತೊಡಗಿತು.

ಈ ನಡುವೆ 2002ರ ಜನವರಿಯಲ್ಲಿ ಫ್ಲಾರಿಡಾದ ಎರಡು ತಂಡಗಳನ್ನು ಲೀಗ್ ಮುಚ್ಚಿತು. ಅವುಗಳಲ್ಲಿ ಟ್ಯಾಂಪಾ ಬೇ ದೊಡ್ಡ ಕ್ರೀಡಾಂಗಣದ ಬಾಡಿಗೆದಾರನಾಗಿತ್ತು. ಅದರ ಕಥೆ ನಮ್ಮ ವಾದಕ್ಕೆ ಸರಿಯಾಗಿ ಹೊಂದುತ್ತದೆ. ಮಯಾಮಿ ಫ್ಯೂಷನ್ ಮಾತ್ರ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಸಾಕರ್‌ಗೆಂದೇ ನವೀಕರಿಸಿದ ಚಿಕ್ಕ ಚೊಕ್ಕ ಲಾಕ್‌ಹಾರ್ಟ್ ಕ್ರೀಡಾಂಗಣದಲ್ಲಿ ಆಡುತ್ತಿತ್ತು, ಆದರೂ ಉಳಿಯಲಿಲ್ಲ. ಮೈದಾನ ಹದವಾಗಿದ್ದರೆ ಸಾಲದು, ಅದು ನೋಡುಗರ ಊರಿಗೆ ಹತ್ತಿರವಿರಬೇಕು, ಆದಾಯ ತಂಡಕ್ಕೆ ಬರಬೇಕು. ಆ ಕ್ರೀಡಾಂಗಣ ಮಯಾಮಿ ನಗರದಿಂದ ದೂರವಿತ್ತು ಮತ್ತು ತಂಡದ ಸ್ವತ್ತಾಗಿರದೆ ಪುರಸಭೆಯ ಸ್ವತ್ತಾಗಿತ್ತು.

ಪ್ರಶ್ನೆ: ಹಾಗಿದ್ದರೆ ಸಿಯಾಟಲ್, ಅಟ್ಲಾಂಟಾ, ಷಾರ್ಲೆಟ್ ತಂಡಗಳು ಇಂದಿಗೂ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಕ್ರೀಡಾಂಗಣಗಳಲ್ಲೇ ಆಡುತ್ತಿರುವುದು ಹೇಗೆ? ನಿಯಮ ಎಲ್ಲರಿಗೂ ಒಂದೇ ಅಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಬೀಗದ ಕೈಯ ಮಾತು ಇಲ್ಲಿ ಸ್ಪಷ್ಟವಾಗುತ್ತದೆ. 2009ರಲ್ಲಿ ಸಿಯಾಟಲ್ ಸೇರಿದಾಗ ಅದರ ಪಾಲುದಾರರಲ್ಲಿ ಪಾಲ್ ಆಲೆನ್ ಒಬ್ಬರು; ಅದೇ ಕ್ರೀಡಾಂಗಣದಲ್ಲಿ ಆಡುವ ಅಮೆರಿಕನ್ ಫುಟ್‌ಬಾಲ್ ತಂಡದ ಒಡೆತನವೂ, ಕ್ರೀಡಾಂಗಣವನ್ನು ನಡೆಸುವ ಕಂಪನಿಯೂ ಅವರದೇ. 2017ರಲ್ಲಿ ಸೇರಿದ ಅಟ್ಲಾಂಟಾದ ಮಾಲೀಕ ಆರ್ಥರ್ ಬ್ಲಾಂಕ್, 2022ರಲ್ಲಿ ಸೇರಿದ ಷಾರ್ಲೆಟ್‌ನ ಮಾಲೀಕ ಡೇವಿಡ್ ಟೆಪ್ಪರ್, ಇಬ್ಬರೂ ತಮ್ಮ ನಗರದ ಅಮೆರಿಕನ್ ಫುಟ್‌ಬಾಲ್ ತಂಡದ ಒಡೆಯರು. ಅವರ ಸಾಕರ್ ತಂಡಕ್ಕೆ ದಿನಾಂಕ ಬೇಕೆಂದರೆ ಮತ್ತೊಬ್ಬರ ಬಾಗಿಲು ತಟ್ಟಬೇಕಿಲ್ಲ. ಅಟ್ಲಾಂಟಾದ ಕ್ರೀಡಾಂಗಣವನ್ನು ವಿನ್ಯಾಸ ಮಾಡುವಾಗಲೇ ಸಾಕರ್ ಅಂಕಣದ ಅಗಲವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಸಾಮಾನ್ಯ ಪಂದ್ಯಗಳಲ್ಲಿ ಮೇಲಿನ ಸಾಲುಗಳನ್ನು ಪರದೆಯಿಂದ ಮರೆಮಾಡಿ ಸುಮಾರು 42,500 ಆಸನಗಳನ್ನಷ್ಟೇ ತೆರೆದಿಡುವ ವ್ಯವಸ್ಥೆ ಅಲ್ಲಿದೆ. ಅಗತ್ಯ ಬಿದ್ದಾಗ ಪರದೆ ಸರಿಸುತ್ತಾರೆ: 2018ರ ಅಂತಿಮ ಪಂದ್ಯಕ್ಕೆ 73,019 ಜನ ಬಂದಿದ್ದರು. ಷಾರ್ಲೆಟ್‌ನ ಮೊದಲ ತವರು ಪಂದ್ಯಕ್ಕೆ 74,479 ಜನ ಸೇರಿದರು. ಇಂಥ ಸಂಖ್ಯೆ ಕಣ್ಣಮುಂದಿರುವಾಗ ಯಾವ ಲೀಗ್ ತಾನೇ ಬೇಡವೆನ್ನುತ್ತದೆ?

ಸ್ಯಾನ್ ಡಿಯಾಗೊ ಈ ಸೂತ್ರಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಆಡುವ 35,000 ಆಸನಗಳ ಸ್ನ್ಯಾಪ್‌ಡ್ರಾಗನ್ ಕ್ರೀಡಾಂಗಣ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ್ದು; ತಂಡ ಅಲ್ಲಿ ಬಾಡಿಗೆದಾರ. 2022ರಲ್ಲಿ ತೆರೆದ, ಸಾಕರ್ ಅಂಕಣವೂ ಹಿಡಿಯುವಂತೆ ಕಟ್ಟಿದ ಹೊಸ ಕ್ರೀಡಾಂಗಣ ಕೈಗೆ ಸಿದ್ಧವಾಗಿ ಸಿಗುವಾಗ ಲೀಗ್ ತನ್ನ ಬಿಗಿಯನ್ನು ಸಡಿಲಿಸಿತು. ಲಿಖಿತವಲ್ಲದ ನಿಯಮದ ಅನುಕೂಲವೂ ಇದೇ, ಅನನುಕೂಲವೂ ಇದೇ: ಯಾರಿಗೆ ಎಷ್ಟು ಸಡಿಲಿಸಬೇಕೆಂಬುದು ಸಡಿಲಿಸುವವರ ಇಚ್ಛೆಗೆ ಬಿಟ್ಟದ್ದು.

ಪ್ರಶ್ನೆ: ನಾವಿರುವ ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ ಸಾಕರ್‌ಗೆಂದೇ ಅಚ್ಚುಕಟ್ಟಾದ ಕ್ರೀಡಾಂಗಣವಿದೆ. ಹೊಳೆಯಾಚೆಯ ನ್ಯೂಯಾರ್ಕ್ ಸಿಟಿ ತಂಡ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಆಡುತ್ತ ಇಷ್ಟು ವರ್ಷ ಕಳೆದಿದ್ದು ಹೇಗೆ?
— ಕನ್ನಡಿಗ ಓದುಗರು, ನ್ಯೂಜೆರ್ಸಿ

ಉತ್ತರ: ನೀವು ಹೇಳಿದ ಹ್ಯಾರಿಸನ್ ಕ್ರೀಡಾಂಗಣ 2010ರಲ್ಲಿ ತೆರೆಯಿತು, ಆಸನಗಳು 25,000. ಅದಕ್ಕೂ ಮುನ್ನ, ಅಲ್ಲಿ ಆಡುವ ರೆಡ್ ಬುಲ್ಸ್ ತಂಡ ಜೈಂಟ್ಸ್ ಸ್ಟೇಡಿಯಂನ ಬಾಡಿಗೆದಾರನಾಗಿ ಹದಿನಾಲ್ಕು ಋತುಗಳನ್ನು ಕಳೆದಿತ್ತು. ನ್ಯೂಯಾರ್ಕ್ ಸಿಟಿ 2015ರಲ್ಲಿ ಯಾಂಕಿ ಸ್ಟೇಡಿಯಂನಲ್ಲಿ ಆಡಲಾರಂಭಿಸಿದಾಗ ಅದನ್ನು ತಾತ್ಕಾಲಿಕ ಏರ್ಪಾಡು ಎಂದೇ ಹೇಳಲಾಗಿತ್ತು. ಮಾಲೀಕರಲ್ಲಿ ಯಾಂಕೀಸ್ ಬೇಸ್‌ಬಾಲ್ ಸಂಸ್ಥೆಯೂ ಪಾಲುದಾರ, ಆದ್ದರಿಂದ ಬೀಗದ ಕೈ ಪೂರ್ತಿ ಪರರ ಬಳಿ ಇರಲಿಲ್ಲ. ಆದರೆ ಬೇಸ್‌ಬಾಲ್ ಮೈದಾನ ಬೀಸಣಿಗೆಯ ಆಕಾರದ್ದು. ಅದರೊಳಗೆ ಆಯತಾಕಾರದ ಅಂಕಣ ಕೂರಿಸಿದರೆ ಒಂದು ಕಡೆ ಆಸನಗಳು ಹತ್ತಿರ, ಇನ್ನೊಂದು ಕಡೆ ಬಹುದೂರ. ಪ್ರತಿ ಪಂದ್ಯಕ್ಕೂ ಮುನ್ನ ಬೇಸ್‌ಬಾಲ್‌ನ ಮಣ್ಣಿನ ಭಾಗಗಳ ಮೇಲೆ ಹುಲ್ಲುಹಾಸು ಹೊದಿಸಬೇಕು. ಅಳತೆ ಸರಿಯಾಗಿ 110 ಗಜ ಉದ್ದ, 70 ಗಜ ಅಗಲ. ಮೊದಲ ಉತ್ತರದಲ್ಲಿ ಹೇಳಿದ ಕನಿಷ್ಠ ಅಳತೆಗಿಂತ ಒಂದು ಗಜವೂ ಹೆಚ್ಚಿಲ್ಲ. ಕಾನೂನಿನ ಅಕ್ಷರ ಪಾಲಿಸಿದಂತಾಯಿತು, ಆಟ ಮಾತ್ರ ಇಕ್ಕಟ್ಟಿನದಾಯಿತು.

ತಾತ್ಕಾಲಿಕ ಎಂದದ್ದು ದಶಕ ದಾಟಲು ಕಾರಣ ನ್ಯೂಯಾರ್ಕ್‌ನ ಜಾಗದ ಅಭಾವ. ಕ್ವೀನ್ಸ್ ಭಾಗದ ವಿಲೆಟ್ಸ್ ಪಾಯಿಂಟ್‌ನಲ್ಲಿ 25,000 ಆಸನಗಳ ಕ್ರೀಡಾಂಗಣ ಕಟ್ಟಲು 2024ರ ಏಪ್ರಿಲ್‌ನಲ್ಲಿ ನಗರಸಭೆಯ ಒಪ್ಪಿಗೆ ದೊರೆಯಿತು. 2027ರಲ್ಲಿ ಅಲ್ಲಿಗೆ ಹೋಗುವುದು ತಂಡದ ಯೋಜನೆ.

ಪ್ರಶ್ನೆ: ಕೃತಕ ಹುಲ್ಲುಹಾಸಿಗೆ ಅನುಮತಿ ಇದೆಯೇ?
— ಓದುಗರು, ಹಾಸನ

ಉತ್ತರ: ಇದೆ. ಸಿಯಾಟಲ್, ಪೋರ್ಟ್‌ಲ್ಯಾಂಡ್, ಅಟ್ಲಾಂಟಾ ಮೊದಲಾದ ತಂಡಗಳು ಅದರ ಮೇಲೆಯೇ ಆಡಿವೆ. ಆಟಗಾರರಿಗೆ ಅದು ಇಷ್ಟವಿಲ್ಲ. ಟೊರಾಂಟೊ 2007ರಲ್ಲಿ ಕೃತಕ ಹಾಸಿನೊಂದಿಗೆ ಆರಂಭಿಸಿ, 2010ರಲ್ಲಿ ಸಹಜ ಹುಲ್ಲು ಬೆಳೆಸಿತು.

ಪ್ರಶ್ನೆ: ಡೇವಿಡ್ ಬೆಕಮ್‌ರಂಥ ಹೆಸರಾಂತ ವ್ಯಕ್ತಿ ಮಾಲೀಕರಾಗಿದ್ದರೂ ಮಯಾಮಿ ತಂಡ ಮೈದಾನಕ್ಕಿಳಿಯಲು ಅಷ್ಟು ವರ್ಷ ಏಕೆ ಬೇಕಾಯಿತು?
— ಓದುಗರು, ಮಂಗಳೂರು

ಉತ್ತರ: ಜಾಗ ಸಿಗಲಿಲ್ಲ, ಅಷ್ಟೇ. 2007ರಲ್ಲಿ ಲಾಸ್ ಏಂಜಲೀಸ್ ತಂಡಕ್ಕೆ ಆಡಲು ಬಂದಾಗ ಬೆಕಮ್ ಮಾಡಿಕೊಂಡ ಕರಾರಿನಲ್ಲಿ, ಮುಂದೆ 2.5 ಕೋಟಿ ಡಾಲರ್‌ಗೆ ಹೊಸ ತಂಡವೊಂದನ್ನು ಪಡೆಯುವ ಹಕ್ಕು ಸೇರಿತ್ತು. 2014ರಲ್ಲಿ ಮಯಾಮಿಗಾಗಿ ಆ ಹಕ್ಕನ್ನು ಚಲಾಯಿಸುತ್ತಿರುವುದಾಗಿ ಅವರು ಪ್ರಕಟಿಸಿದರು. ಶುಲ್ಕದಲ್ಲಿ ರಿಯಾಯಿತಿ ದೊರೆತರೂ ಕ್ರೀಡಾಂಗಣದ ಷರತ್ತಿನಲ್ಲಿ ದೊರೆಯಲಿಲ್ಲ. ಬಂದರಿನ ಬಳಿ ಕೇಳಿದರು, ಜಲಾಭಿಮುಖವಾದ ಮತ್ತೊಂದು ಜಾಗ ಕೇಳಿದರು, ಬೇಸ್‌ಬಾಲ್ ಕ್ರೀಡಾಂಗಣದ ಪಕ್ಕ ನೋಡಿದರು, ಓವರ್‌ಟೌನ್ ಬಡಾವಣೆಯಲ್ಲಿ ನೆಲ ಕೊಂಡರು. ಒಂದೊಂದಕ್ಕೂ ಒಂದೊಂದು ಅಡ್ಡಿ. ಕಡೆಗೆ 2018ರ ಜನವರಿಯಲ್ಲಿ ಲೀಗ್ ತಂಡವನ್ನು ಮಂಜೂರು ಮಾಡಿತು. 2020ರಲ್ಲಿ ತಂಡ ಆಟ ಆರಂಭಿಸಿದ ಜಾಗ ಯಾವುದು ಗೊತ್ತೇ? ಹಿಂದೆ ಮಯಾಮಿ ಫ್ಯೂಷನ್ ಆಡಿ ಮುಚ್ಚಿಹೋದ, ಫೋರ್ಟ್ ಲಾಡರ್‌ಡೇಲ್‌ನ ಅದೇ ಲಾಕ್‌ಹಾರ್ಟ್ ಕ್ರೀಡಾಂಗಣದ ನೆಲ! ಹಳೆಯದನ್ನು ಕೆಡವಿ 18,000 ಆಸನಗಳ ಹೊಸದನ್ನು ಎಬ್ಬಿಸಿದರು. ಮೆಸ್ಸಿ 2023ರಲ್ಲಿ ಬಂದದ್ದೂ ಇಲ್ಲಿಗೇ. ಮಯಾಮಿ ನಗರದೊಳಗೆ, ವಿಮಾನ ನಿಲ್ದಾಣದ ಬಳಿಯ ಪುರಸಭೆಯ ಗಾಲ್ಫ್ ಮೈದಾನವನ್ನು 99 ವರ್ಷಗಳ ಗುತ್ತಿಗೆಗೆ ಕೊಡಲು ನಗರದ ಆಡಳಿತ ಮಂಡಳಿ ಒಪ್ಪಿದ್ದು 2022ರ ಏಪ್ರಿಲ್‌ನಲ್ಲಿ.

ಪ್ರಶ್ನೆ: ಕ್ರೀಡಾಂಗಣಕ್ಕೆ ಸರ್ಕಾರ ಹಣ ಕೊಡುತ್ತದೆಯೇ? ಕ್ರೀಡಾಂಗಣದ ಕಾರಣಕ್ಕೆ ಯಾವುದಾದರೂ ನಗರ ತಂಡವನ್ನು ಕಳೆದುಕೊಂಡಿದೆಯೇ?
— ಓದುಗರು, ಕಲಬುರಗಿ

ಉತ್ತರ: ಕೆಲವು ನಗರಗಳು ಕೊಡುತ್ತವೆ, ಕೆಲವು ಕೊಡುವುದಿಲ್ಲ, ಕೊಡಬೇಕೇ ಬೇಡವೇ ಎಂಬುದನ್ನು ಎಷ್ಟೋ ಕಡೆ ಮತದಾರರನ್ನೇ ಕೇಳಲಾಗುತ್ತದೆ. ಇದು ನನಗೆ ಬಹಳ ಹಿಡಿಸಿದ ಪದ್ಧತಿ. ಸೇಂಟ್ ಲೂಯಿಸ್ ಅಮೆರಿಕದಲ್ಲಿ ಸಾಕರ್‌ಗೆ ಹಳೆಯ ತವರು. ಅಲ್ಲಿ 2017ರ ಏಪ್ರಿಲ್‌ನಲ್ಲಿ ಕ್ರೀಡಾಂಗಣಕ್ಕೆ ಸುಮಾರು 6 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡುವ ಪ್ರಸ್ತಾವ ಮತಕ್ಕೆ ಬಂದು ಸೋತಿತು. ಆಟದ ಮೇಲಿನ ಪ್ರೀತಿ ಬೇರೆ, ತೆರಿಗೆಯ ಹಣ ಬೇರೆ ಎಂದು ಜನ ಲೆಕ್ಕ ಹಾಕಿದರು. ತಂಡ ಕೈತಪ್ಪಿತೆಂದೇ ಎಲ್ಲರೂ ತಿಳಿದರು. ಆದರೆ ಎಂಟರ್‌ಪ್ರೈಸ್ ಎಂಬ ಬಾಡಿಗೆ ಕಾರು ಸಂಸ್ಥೆಯ ಒಡೆತನದ ಟೇಲರ್ ಕುಟುಂಬ ಮುಂದೆ ಬಂದು, ಬಹುಪಾಲು ಖಾಸಗಿ ಹಣದಲ್ಲೇ ಕಟ್ಟುವುದಾಗಿ ಹೇಳಿದ ಮೇಲೆ 2019ರಲ್ಲಿ ಲೀಗ್ ಒಪ್ಪಿತು. ನಗರದ ನಡುವೆಯೇ ಕಟ್ಟಿದ 22,500 ಆಸನಗಳ ಕ್ರೀಡಾಂಗಣದಲ್ಲಿ 2023ರಲ್ಲಿ ಆಟ ಆರಂಭವಾಯಿತು. ಆರ್ಲಾಂಡೊದಲ್ಲಿಯೂ ಮೊದಲು ಸಾರ್ವಜನಿಕ ಹಣ ಸೇರಿದ 19,500 ಆಸನಗಳ ಯೋಜನೆಯಿತ್ತು. ಮಾಲೀಕರು ಪೂರ್ತಿ ವೆಚ್ಚ ತಮ್ಮದೇ ಎಂದು ತೀರ್ಮಾನಿಸಿದಾಗ ಅದು 25,500 ಆಸನಗಳಿಗೆ ಬೆಳೆಯಿತು. ಕೈಯಿಂದ ಹಣ ಹಾಕುವವರಿಗೆ ಚಿಕ್ಕದು ಸಾಕೆನ್ನಿಸಬೇಕಿತ್ತು, ಆದದ್ದು ತಿರುಗುಮುರುಗು: ಆದಾಯವೆಲ್ಲ ತಮ್ಮದಾಗುವಾಗ ಆಸನಗಳು ಹೆಚ್ಚಿದಷ್ಟೂ ಲಾಭ.

ಕಳೆದುಕೊಂಡ ನಗರವೆಂದರೆ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊ. ಎರಡನೆಯ ದರ್ಜೆಯಲ್ಲಿ ಜನ ಸೇರಿಸಿ ತೋರಿಸಿದ್ದ ಆ ತಂಡಕ್ಕೆ 2019ರ ಅಕ್ಟೋಬರ್‌ನಲ್ಲಿ ಮೇಜರ್ ಲೀಗ್ ಸದಸ್ಯತ್ವ ಘೋಷಣೆಯಾಯಿತು, ಹಳೆಯ ರೈಲ್ವೆ ಯಾರ್ಡಿನಲ್ಲಿ ಜಾಗವೂ ಗೊತ್ತಾಗಿತ್ತು. ಕೋವಿಡ್ ಬಂದಿತು, ಕಟ್ಟಡದ ವೆಚ್ಚ ಏರಿತು. 2021ರ ಫೆಬ್ರುವರಿಯಲ್ಲಿ ಪ್ರಮುಖ ಹೂಡಿಕೆದಾರ ರಾನ್ ಬರ್ಕಲ್ ಹಿಂದೆ ಸರಿದರು. ಬ್ಯಾಂಡು ಬಾರಿಸಿ ಘೋಷಿಸಿದ್ದ ಸೇರ್ಪಡೆ ಅಲ್ಲಿಗೇ ನಿಂತಿತು. ಅಭಿಮಾನಿಗಳಿದ್ದರು, ತಂಡವಿತ್ತು, ಜಾಗವಿತ್ತು, ಕಟ್ಟುವವರೊಬ್ಬರು ಇಲ್ಲವಾದರು.

ಕ್ರೀಡಾಂಗಣ ಕಟ್ಟಿಯೂ ಕೆಟ್ಟ ಉದಾಹರಣೆ ಷಿಕಾಗೊ. ಬ್ರಿಡ್ಜ್‌ವ್ಯೂ ಎಂಬ ಹೊರವಲಯದ ಪುಟ್ಟ ಊರು ಸಾಲ ಮಾಡಿ 2006ರಲ್ಲಿ 20,000 ಆಸನಗಳ ಕ್ರೀಡಾಂಗಣ ಕಟ್ಟಿಸಿತು. ನಗರದಿಂದ ಅಲ್ಲಿಗೆ ರೈಲು ಇಲ್ಲ, ಜನ ಬರಲಿಲ್ಲ. ಗುತ್ತಿಗೆಯಿಂದ ಬಿಡಿಸಿಕೊಳ್ಳಲು ತಂಡ 6.55 ಕೋಟಿ ಡಾಲರ್ ಕೊಟ್ಟು, 2020ರಲ್ಲಿ ನಗರದೊಳಗಿನ ಹಳೆಯ ದೊಡ್ಡ ಸೋಲ್ಜರ್ ಫೀಲ್ಡ್‌ಗೆ ಮರಳಿತು. ಸಾಲದ ಹೊರೆ ಊರಿನವರ ತಲೆಯ ಮೇಲೆಯೇ ಉಳಿಯಿತು. ಈಗಿನ ಹೊಸ ತಂಡಗಳ ಕ್ರೀಡಾಂಗಣಗಳು ಹೆಚ್ಚಾಗಿ ನಗರದ ಒಳಗೇ, ಜನ ನಡೆದು ಅಥವಾ ರೈಲಿನಲ್ಲಿ ಬರಬಹುದಾದ ಕಡೆ ಇರುವುದಕ್ಕೆ ಇಂಥ ಅನುಭವಗಳು ಕಾರಣ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೆಳಗಿನ ಲೀಗ್ ಗೆದ್ದವರು ಮೇಲಕ್ಕೆ ಬಡ್ತಿ ಪಡೆಯುತ್ತಾರೆ. ಗೆದ್ದ ತಂಡದ ಮೈದಾನ ಚಿಕ್ಕದಾಗಿದ್ದರೆ ಏನು ಗತಿ? ಅಮೆರಿಕದಲ್ಲಿ ಅಂಥ ಪದ್ಧತಿ ಬರುವ ಸಾಧ್ಯತೆ ಇದೆಯೇ?
— ಓದುಗರು, ಬೆಳಗಾವಿ

ಉತ್ತರ: ಗೆದ್ದೂ ಮೇಲೇರಲಾರದ ತಂಡಗಳು ಅಲ್ಲಿವೆ. 1994ರಲ್ಲಿ ಕಿಡ್ಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್, ಹೀಗೆ ಸತತ ಮೂರು ವರ್ಷ ಐದನೆಯ ಹಂತದ ಚಾಂಪಿಯನ್ನರಿಗೆ ಮೈದಾನದ ಕೊರತೆಯ ಕಾರಣ ಕೊಟ್ಟು ಮೇಲಿನ ಹಂತದ ಫುಟ್‌ಬಾಲ್ ಲೀಗ್ ಪ್ರವೇಶ ನಿರಾಕರಿಸಲಾಯಿತು. ಸ್ಟೀವನೇಜ್ ಸುಮ್ಮನಿರದೆ ನ್ಯಾಯಾಲಯಕ್ಕೆ ಹೋಯಿತು. ಒಳಗಿರುವ ಹಳೆಯ ಸದಸ್ಯರಿಗಿಲ್ಲದ ಬಿಗಿ ಹೊರಗಿನಿಂದ ಬರುವವರಿಗೇಕೆ ಎಂಬುದು ಅದರ ತಕರಾರು. ಲೀಗ್‌ನ ಷರತ್ತುಗಳು ಆಕ್ಷೇಪಾರ್ಹವೆಂದು ನ್ಯಾಯಾಧೀಶರಿಗೆ ಕಂಡರೂ, ಋತುವಿನ ಆರಂಭದಲ್ಲೇ ತಕರಾರು ಎತ್ತದೆ ಗೆದ್ದ ಮೇಲೆ ಬಂದಿರಿ ಎಂಬ ಕಾರಣಕ್ಕೆ ಪರಿಹಾರ ಸಿಗಲಿಲ್ಲ. ಆ ಊರಿನ ತಂಡ ಲೀಗ್ ಸೇರಿದ್ದು ಹದಿನಾಲ್ಕು ವರ್ಷಗಳ ಬಳಿಕ, 2010ರಲ್ಲಿ. ಇತ್ತೀಚೆಗೆ 2020ರಲ್ಲಿ ಹ್ಯಾರೊಗೇಟ್ ಬಡ್ತಿ ಪಡೆದಾಗ, ಕೆಳಗಿನ ಹಂತದಲ್ಲಿ ಒಪ್ಪಿತವಾಗಿದ್ದ ಕೃತಕ ಹಾಸನ್ನು ಕಿತ್ತು ಸಹಜ ಹುಲ್ಲು ಹಾಕಬೇಕಾಯಿತು. ಅದು ಮುಗಿಯುವವರೆಗೆ ತವರಿನ ಪಂದ್ಯಗಳನ್ನು ಡಾನ್‌ಕಾಸ್ಟರ್‌ನಲ್ಲಿ ಆಡಿತು.

ಮೇಜರ್ ಲೀಗ್ ಸಾಕರ್‌ನಲ್ಲಿ ಬಡ್ತಿಯಿಲ್ಲ, ಹಿಂಬಡ್ತಿಯಿಲ್ಲ. ಶುಲ್ಕ ತೆತ್ತವರು ಒಳಗೆ ಇರುತ್ತಾರೆ. ಕೆಳಗಿನ ದರ್ಜೆಗಳನ್ನು ನಡೆಸುವ ಯುನೈಟೆಡ್ ಸಾಕರ್ ಲೀಗ್ (ಯುಎಸ್‌ಎಲ್) ಸಂಸ್ಥೆ ಮಾತ್ರ, 2027-28ರಿಂದ ತಾನೂ ಒಂದನೆಯ ದರ್ಜೆಯ ಲೀಗ್ ಆರಂಭಿಸುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಮರುತಿಂಗಳು ಅದರ ತಂಡಗಳ ಮಾಲೀಕರು ಬಡ್ತಿ-ಹಿಂಬಡ್ತಿ ಪದ್ಧತಿಯ ಪರವಾಗಿ ಮತ ಹಾಕಿದರು. ಇಲ್ಲಿ 15,000 ಆಸನಗಳ ಹಳೆಯ ಅಂಕಿ ಮತ್ತೆ ಎದುರಾಗುತ್ತದೆ. ಯುಎಸ್‌ಎಲ್‌ನ ಲೂಯಿವಿಲ್ ತಂಡ 2020ರಲ್ಲಿ ಕಟ್ಟಿದ ಸುಂದರ ಕ್ರೀಡಾಂಗಣವನ್ನೇ ನೋಡಿ: ನಿಂತು ನೋಡುವವರನ್ನೂ ಸೇರಿಸಿದರೆ 15,304 ಜನ ಹಿಡಿಸುತ್ತಾರೆ, ಆಸನಗಳನ್ನಷ್ಟೇ ಎಣಿಸಿದರೆ ಸುಮಾರು 11,700. ನಿಂತವರೂ ನೋಡುಗರೇ, ಟಿಕೆಟ್ ಕೊಂಡವರೇ. ನಿಯಮದಲ್ಲಿರುವ ಪದ ಮಾತ್ರ ಆಸನ. ಅದೇ ಲೀಗ್‌ನ ರೋಡ್ ಐಲೆಂಡ್ ತಂಡ ಮೊದಲ ಋತುವನ್ನು ಕಾಲೇಜೊಂದರ ಮೈದಾನದಲ್ಲಿ ಕಳೆದು, 2025ರ ಮೇ ತಿಂಗಳಲ್ಲಿ 10,500 ಜನರ ಹೊಸ ಕ್ರೀಡಾಂಗಣಕ್ಕೆ ಬಂದಿತು. ಎರಡನೆಯ ದರ್ಜೆಗೆ ಧಾರಾಳ, ಮೊದಲನೆಯದಕ್ಕೆ ಕಡಿಮೆ. ಬಡ್ತಿ ನಿಜವಾಗಿ ನಡೆಯಬೇಕಾದರೆ ಒಂದೋ ಫೆಡರೇಷನ್ ಈ ಅಂಕಿಯನ್ನು ಇಳಿಸಬೇಕು, ಅಥವಾ ಗೆದ್ದವರಿಗೆ ಕಟ್ಟಿಕೊಳ್ಳಲು ಕಾಲಾವಕಾಶ ಕೊಡಬೇಕು. ಇಲ್ಲದಿದ್ದರೆ ಸ್ಟೀವನೇಜ್‌ಗೆ ಆದದ್ದೇ ಅಟ್ಲಾಂಟಿಕ್‌ನ ಆಚೆಗೂ ಆಗುತ್ತದೆ.

ಪ್ರಶ್ನೆ: ನಮ್ಮ ಬೆಂಗಳೂರು ಎಫ್‌ಸಿ ಆಡುವ ಕಂಠೀರವ ಕ್ರೀಡಾಂಗಣ ನೀವು ಹೇಳುವ ಅಳತೆಗೋಲಿನಲ್ಲಿ ಎಲ್ಲಿ ನಿಲ್ಲುತ್ತದೆ?
— ಓದುಗರು, ಬೆಂಗಳೂರು

ಉತ್ತರ: ಆಸನಗಳ ಲೆಕ್ಕದಲ್ಲಿ 20,000 ದಾಟುವುದರಿಂದ ಅಮೆರಿಕದ ಒಂದನೆಯ ದರ್ಜೆಗೂ ಸಾಕು. ಬೀಗದ ಕೈಯ ಲೆಕ್ಕದಲ್ಲಿ ಉತ್ತರ ಬೇರೆ. 2013-14ರಲ್ಲಿ ತಂಡ ಮೊದಲ ಬಾರಿಗೆ ಆಡಿ ಐ-ಲೀಗ್ ಗೆದ್ದದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅದು ಚಿಕ್ಕದು, ಹಳೆಯದು. ಆದರೆ ಗೆರೆಯ ಪಕ್ಕದಲ್ಲೇ ಕೂತು, ಆಟಗಾರ ಉಸಿರು ಬಿಡುವುದೂ ಕೇಳುವಂತೆ ಆಟ ನೋಡಬಹುದಿತ್ತು. ಮರುವರ್ಷ ಕಂಠೀರವಕ್ಕೆ ಬಂದಾಗ ಆಸನಗಳು ಹೆಚ್ಚಿದವು, ಅಂತರವೂ ಹೆಚ್ಚಿತು. ಅದು ರಾಜ್ಯದ ಕ್ರೀಡಾ ಇಲಾಖೆಯ ಸ್ವತ್ತು, ಅಂಕಣದ ಸುತ್ತ ಅಥ್ಲೆಟಿಕ್ಸ್ ಓಟದ ಪಥವಿದೆ. ಓಟಗಾರರಿಗೆ ನಗರದ ನಡುವೆ ಅಭ್ಯಾಸಕ್ಕೆ ಬೇಕಾದ ಪಥವೂ ಅದೇ, ಫುಟ್‌ಬಾಲ್ ತಂಡಕ್ಕೆ ಪಂದ್ಯದ ದಿನ ಬೇಕಾದ ಮೈದಾನವೂ ಅದೇ. ಈ ಹಂಚಿಕೆಯಲ್ಲಿ ಓಟಗಾರರದು ತಪ್ಪೆಂದು ನಾನು ಹೇಳಲಾರೆ. ಅವರು ಮೊದಲಿನಿಂದಲೂ ಅಲ್ಲಿದ್ದವರು. ಒಂದೇ ಮನೆಯಲ್ಲಿ ಎರಡು ಸಂಸಾರವಿಟ್ಟರೆ ಒಲೆಗಾಗಿ ಜಗಳ ಬರುವುದು ಸಹಜ. ಕೊಲಂಬಸ್‌ನಲ್ಲಿ 1999ರಲ್ಲಿ ಕಟ್ಟಿದಂಥ, ಅಲಂಕಾರವಿಲ್ಲದ, ಫುಟ್‌ಬಾಲ್‌ಗೆ ಮಾತ್ರ ಮೀಸಲಾದ ಇಪ್ಪತ್ತು ಸಾವಿರದ ಕ್ರೀಡಾಂಗಣವೊಂದು ಬೆಂಗಳೂರಿಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ. ಜಾಗ ಎಲ್ಲಿದೆ ಎಂದು ಮುಂದಿನ ವಾರ ಯಾರಾದರೂ ಬರೆದು ಕೇಳುವರೆಂಬುದೂ ಗೊತ್ತು.

ಪ್ರಶ್ನೆ: ಮಹಿಳೆಯರ ತಂಡಗಳಿಗೆ ಪ್ರತ್ಯೇಕ ಕ್ರೀಡಾಂಗಣಗಳಿವೆಯೇ, ಅಥವಾ ಪುರುಷರ ತಂಡಗಳದ್ದನ್ನೇ ಹಂಚಿಕೊಳ್ಳಬೇಕೇ?
— ಓದುಗರು, ಧಾರವಾಡ

ಉತ್ತರ: ಬಹುತೇಕ ತಂಡಗಳು ಹಂಚಿಕೊಳ್ಳುತ್ತವೆ. ಇದಕ್ಕೆ ಹೊರತಾದದ್ದು ಕಾನ್ಸಾಸ್ ಸಿಟಿ. ಅಲ್ಲಿನ ಮಹಿಳಾ ತಂಡ 2021ರ ಮೊದಲ ಋತುವನ್ನು ಬೇಸ್‌ಬಾಲ್ ಮೈದಾನವೊಂದರಲ್ಲಿ ಆಡಿತು, ಮುಂದಿನ ಎರಡು ಋತುಗಳನ್ನು ಪುರುಷರ ತಂಡದ ಕ್ರೀಡಾಂಗಣದಲ್ಲಿ ಬಾಡಿಗೆಗಿದ್ದು ಕಳೆಯಿತು. ಆಮೇಲೆ ಮಾಲೀಕರು ಮಿಸೌರಿ ನದಿಯ ದಂಡೆಯಲ್ಲಿ 11,500 ಆಸನಗಳ ಸ್ವಂತ ಕ್ರೀಡಾಂಗಣ ಕಟ್ಟಿಸಿದರು. ವೃತ್ತಿಪರ ಮಹಿಳಾ ತಂಡವೊಂದಕ್ಕೆಂದೇ ಕಟ್ಟಿದ ಮೊದಲ ಕ್ರೀಡಾಂಗಣವೆಂದು ಹೆಸರಾದ ಅದು 2024ರ ಮಾರ್ಚ್‌ನಲ್ಲಿ ತೆರೆಯಿತು. ಪಂದ್ಯದ ದಿನಾಂಕಕ್ಕಾಗಿ ಆ ತಂಡ ಈಗ ಯಾರನ್ನೂ ಕೇಳಬೇಕಿಲ್ಲ.